ಘಾಟಿ ಹತ್ತುವ ಟ್ರೈಲರಿಗೆ ಕ್ಲಚ್ ಪೆಡಲ್ ಬೇಕೇ?

ಕಳೆದ ವಾರ ನಮ್ಮ ಜಮಾಅತಿನ ಒಂದು ಮನೆಯಲ್ಲಿ ಗಾಡಿ ತೆಗೆಯುವ ಮಾತು ನಡೆಯಿತು. ಮಗನಿಗೆ ಇಪ್ಪತ್ತಾರು ವರ್ಷ. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಬೇರೆಯವರ ಟ್ರೈಲರ್ ಓಡಿಸಿ ಅನುಭವ ಆಗಿದೆ, ಈಗ ಸ್ವಂತದ್ದು ಬೇಕು. ತೆಗೆಯುವುದಾದರೆ ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಾಗುವ ಗಾಡಿಯನ್ನೇ ತೆಗೆಯುವುದು ಅಂತ ಅವನ ಹಠ. ಮೂವತ್ತು ವರ್ಷ ಲಾರಿ ಓಡಿಸಿ ಎಡ ಮಂಡಿ ಹಾಳು ಮಾಡಿಕೊಂಡು ಮನೆಯಲ್ಲಿ ಕೂತಿರುವ ಅವನ ಕಾಕ ಸುತಾರಾಂ ಒಪ್ಪಲಿಲ್ಲ. "ಆಟೋಮೆಟಿಕ್ ಎಲ್ಲ ಕಾರಿಗೆ ಆಯ್ತು ಮೋನೇ. ಲೋಡ್ ಎಳೆಯುವ ಗಾಡಿಗೆ ಕಾಲು ಬೇಕು" ಎಂದರು. ಉಮ್ಮನದ್ದು ಬೇರೆಯೇ ಚಿಂತೆ. ಸಾಲಕ್ಕೆ ಇಡುವುದು ಮನೆಯ ರೆಕಾರ್ಡು. "ಎರಡರಲ್ಲಿ ಯಾವುದಾದರೂ ಆಗಲಿ, ಶಿರಾಡಿ ಇಳಿದು ಮಗ ಮನೆಗೆ ಬರ್ಬೇಕು, ಕಂತು ಕಟ್ಲಿಕ್ಕೆ ಆಗ್ಬೇಕು" ಎಂದು ಬಾಗಿಲ ಹಿಂದಿನಿಂದ ಹೇಳಿದರು. ಮೂವರ ಮಾತಿನಲ್ಲೂ ಸತ್ಯ ಉಂಟು. ಆದರೆ ಚಹಾ ಮುಗಿಯುವವರೆಗೆ ನಡೆದ ವಾದದಲ್ಲಿ ಅರ್ಧಕ್ಕರ್ಧ ತಪ್ಪು ತಿಳುವಳಿಕೆಯೂ ಇತ್ತು. ಇದು ಒಂದು ಮನೆಯ ಕಥೆ ಅಲ್ಲ. ಮರದ ಲಾರಿ, ಮೀನಿನ ಗಾಡಿ, ಬಂದರಿನ ಟ್ರೈಲರ್, ಗಲ್ಫಿನಲ್ಲಿ ಹೆವಿ ಡ್ರೈವರ್ ಕೆಲಸ, ಇವುಗಳಲ್ಲಿ ಒಂದಾದರೂ ಇಲ್ಲದ ಕುಟುಂಬ ನಮ್ಮಲ್ಲಿ ಹುಡುಕಿದರೆ ಸಿಕ್ಕೀತು ಅಷ್ಟೆ. ಹಾಗಾಗಿ ಇಲ್ಲಿ ಬರೆಯುವುದು ಲೇಸು ಅನಿಸಿತು.

ಮೊದಲು ಒಂದು ಗೊಂದಲ ಬಿಡಿಸಬೇಕು. ಆಟೋಮೆಟಿಕ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಬೇರೆ ಯಂತ್ರಗಳನ್ನು. ಒಂದರಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಇಂಜಿನ್ ಒಂದು ಬದಿಯ ರೆಕ್ಕೆಗಳನ್ನು ತಿರುಗಿಸುತ್ತದೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ಬದಿ ತಿರುಗುತ್ತದೆ. ಬೆಂಗಳೂರಿನ ವೋಲ್ವೋ ಸಿಟಿ ಬಸ್ಸಿನಲ್ಲಿ ಕೂತವರಿಗೆ ಗೊತ್ತು, ಗೇರ್ ಬದಲಾದದ್ದೇ ತಿಳಿಯುವುದಿಲ್ಲ. ನಿಂತಲ್ಲಿಂದ ಹೊರಡುವಾಗ ಇದು ಇಂಜಿನ್ನಿನ ಎಳೆತವನ್ನು ಹೆಚ್ಚು ಮಾಡಿ ಕೊಡುತ್ತದೆ, ಸವೆದು ಹೋಗುವ ಪ್ಲೇಟ್ ಅಲ್ಲಿ ಇಲ್ಲ. ಆದರೆ ಎಣ್ಣೆ ಕಾಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೆಲೆಯೂ ಜಾಸ್ತಿ. ಗಣಿ ಡಂಪರಿಗೆ, ಅಗ್ನಿಶಾಮಕದ ಗಾಡಿಗೆ, ಸಿಟಿ ಬಸ್ಸಿಗೆ ಇದು ಸರಿ.

ಎರಡನೆಯದು ಎಎಂಟಿ. ಉದ್ದ ದಾರಿಯ ಟ್ರೈಲರಿಗೆ ಈಗ ಬರುತ್ತಿರುವುದು ಇದೇ, ಹುಡುಗ ಕೇಳುತ್ತಿದ್ದದ್ದೂ ಇದನ್ನೇ. ಒಳಗೆ ಇರುವುದು ಸಾಧಾರಣ ಗೇರ್‌ಬಾಕ್ಸೇ, ಕ್ಲಚ್ ಪ್ಲೇಟೂ ಉಂಟು. ಪೆಡಲ್ ತುಳಿಯುವ ಕಾಲಿನ ಕೆಲಸ ಮತ್ತು ಲಿವರ್ ಎಳೆಯುವ ಕೈಯ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಗಾಳಿಯ ಒತ್ತಡ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಕಾಕನಿಗೆ ಇದು ಗೊತ್ತಿರಲಿಲ್ಲ. ಅವರು ಕೂತು ನೋಡಿದ್ದು ಅಳಿಯನ ಸಣ್ಣ ಕಾರಿನ ಎಎಂಟಿಯಲ್ಲಿ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಮೊದಲು ಬಂದು ಆಮೇಲೆ ಅಗ್ಗದ ಕಾರುಗಳಲ್ಲೆಲ್ಲ ಹರಡಿದ್ದು ಅದು. ಗೇರ್ ಬದಲಿಸುವಾಗ ತಲೆ ಒಮ್ಮೆ ಮುಂದೆ ಬಾಗಿ ಹಿಂದೆ ಹೋಗುತ್ತಿತ್ತು. ಅದನ್ನು ನೋಡಿ "ಇದು ನಲವತ್ತು ಟನ್ ಎಳೆಯುತ್ತದಾ" ಎಂದು ಕೇಳಿದರೆ ತಪ್ಪು ಹೇಳುವ ಹಾಗಿಲ್ಲ. ಆದರೆ ಲಾರಿಗೆ ಹಾಕುವ ಹನ್ನೆರಡು ಗೇರಿನ ಎಎಂಟಿ ಬೇರೆಯೇ ಜಾತಿಯದ್ದು. ಕಾರಿನದನ್ನು ನೋಡಿ ಇದನ್ನು ಅಳೆಯುವುದು ದೋಣಿ ನೋಡಿ ಹಡಗಿಗೆ ಬೆಲೆ ಕಟ್ಟಿದ ಹಾಗೆ.

ಈಗ ಶಿರಾಡಿಗೆ ಬರೋಣ. ಗುಂಡ್ಯ ದಾಟಿ ಮಾರನಹಳ್ಳಿ ಕಡೆಗೆ ಹತ್ತುವಾಗ ಕಿಟಕಿ ತೆರೆದು ಕೂತವರಿಗೆಲ್ಲ ಗೊತ್ತಿರುವ ವಾಸನೆ ಒಂದುಂಟು, ಸುಟ್ಟ ರಬ್ಬರಿನ ಹಾಗೆ ಮೂಗಿಗೆ ಹೊಡೆಯುವುದು. ಹೆಚ್ಚಿನ ಸಲ ಅದು ಕ್ಲಚ್. 2018ರಲ್ಲಿ ಕೇಂದ್ರ ಸರಕಾರ ಆಕ್ಸಲ್ ತೂಕದ ಮಿತಿ ಹೆಚ್ಚಿಸಿದ ಮೇಲೆ ದೊಡ್ಡ ಟ್ರೈಲರಿಗೆ ಗಾಡಿ ಮತ್ತು ಲೋಡ್ ಸೇರಿ 55 ಟನ್‌ವರೆಗೆ ಅವಕಾಶ ಉಂಟು. ಅಷ್ಟು ಭಾರ ಏರಿನಲ್ಲಿ ಇರುವಾಗ ಡ್ರೈವರ್ ಕ್ಲಚ್ ತುಳಿದು ಗೇರ್ ಇಳಿಸಬೇಕು. ಆ ಒಂದೆರಡು ಸೆಕೆಂಡು ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇಲ್ಲ. ಸಮತಟ್ಟಿನಲ್ಲಿ ಒಂದೆರಡು ಸೆಕೆಂಡು ಎಂತದ್ದೂ ಅಲ್ಲ. ಏರಿನಲ್ಲಿ ಅಷ್ಟರೊಳಗೆ ಗಾಡಿಯ ವೇಗ ಬಿದ್ದು ಹೋಗುತ್ತದೆ, ಹಿಡಿಯಬೇಕೆಂದಿದ್ದ ಗೇರ್ ಆಗ ಕೆಲಸಕ್ಕೆ ಬರುವುದಿಲ್ಲ, ಇನ್ನೂ ಒಂದು ಕೆಳಗಿನದು ಬೇಕು. ಅದು ಕೂರದಿದ್ದರೆ ಗಾಡಿ ನಿಂತಿತು. ಹಿಂದೆ ಬಸ್ಸು, ಎದುರಿನಿಂದ ಟ್ಯಾಂಕರ್. ಪೂರ್ತಿ ಲೋಡಿನಲ್ಲಿ ಏರಿನ ಮಧ್ಯೆ ಹೊರಡಬೇಕು. ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದು ಹಿಡಿದು ಎರಡು ಸಲ ಪ್ರಯತ್ನ ಮಾಡಿದರೆ ಪ್ಲೇಟಿನ ಅರ್ಧ ಆಯುಷ್ಯ ಅಲ್ಲೇ ಮುಗಿಯಿತು.

ಎಎಂಟಿ ಇಲ್ಲಿ ಎಂತ ಮಾಡುತ್ತದೆ ಅಂದರೆ, ಇಂಜಿನ್ ಸುಸ್ತಾಗುವ ಮೊದಲೇ ಲೆಕ್ಕ ಹಾಕಿ, ಒಂದೊಂದೇ ಇಳಿಯುವ ಬದಲು ಬೇಕಿದ್ದರೆ ಎರಡು ಗೇರ್ ಒಟ್ಟಿಗೆ ಹಾರಿ ಕೆಳಗೆ ಬರುತ್ತದೆ. ಇಂಜಿನ್ನಿನ ತಿರುಗುವಿಕೆಯನ್ನು ಚಕ್ರದ ವೇಗಕ್ಕೆ ಹೊಂದಿಸಿಯೇ ಗೇರ್ ಕೂರಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಗಾಡಿ ಹಿಂದೆ ಜಾರದಂತೆ ಬ್ರೇಕ್ ಹಿಡಿದುಕೊಳ್ಳುವ ವ್ಯವಸ್ಥೆಯೂ ಈಗಿನ ಗಾಡಿಗಳಲ್ಲಿ ಬರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ವೋಲ್ವೋದವರು ಇಂತಹ ಗೇರ್‌ಬಾಕ್ಸಿಗೆ ಅತಿ ನಿಧಾನದ ಗೇರುಗಳನ್ನು ಸೇರಿಸಿ ಒಂದೇ ಲಾರಿಯಲ್ಲಿ 750 ಟನ್ ತೂಕವನ್ನು ನೂರು ಮೀಟರ್ ಎಳೆಸಿ ತೋರಿಸಿದ್ದರು. ಅದು ಜಾಹೀರಾತಿಗೆ ಮಾಡಿದ್ದು, ಸಮತಟ್ಟಿನಲ್ಲಿ ಮಾಡಿದ್ದು. ಶಿರಾಡಿಯಲ್ಲಿ ಯಾರೂ ಮಾಡಿ ತೋರಿಸಿಲ್ಲ. ಆದರೂ ತಾನೇ ಗೇರ್ ಹಾಕುವ ಗಾಡಿ ಭಾರ ಎಳೆಯುವುದಿಲ್ಲ ಎಂಬ ಮಾತಿಗೆ ಇನ್ನು ಅರ್ಥ ಇಲ್ಲ.

ಭಾರ ಎಳೆಯುವುದರಲ್ಲಿ ಹೆಸರು ಮಾಡಿದ ಅಮೆರಿಕದ ದೊಡ್ಡ ಪಿಕಪ್‌ಗಳನ್ನು ನೋಡಿ. ಕುದುರೆ ಟ್ರೈಲರ್, ದೋಣಿ, ಜೆಸಿಬಿಯಂತಹ ಯಂತ್ರ, ಎಲ್ಲ ಅದರ ಹಿಂದೆ ಕಟ್ಟಿ ಎಳೆಯುತ್ತಾರೆ. ಅಲ್ಲಿ ಮ್ಯಾನ್ಯುವಲ್ ಗೇರ್ ಕೊಡುತ್ತಿದ್ದ ಕೊನೆಯ ಕಂಪೆನಿ ರ‍್ಯಾಮ್, 2018ರ ಮಾದರಿಯ ನಂತರ ಅದೂ ನಿಲ್ಲಿಸಿತು. ನಿಲ್ಲಿಸುವ ಮೊದಲೂ ಅದೇ ಕಮ್ಮಿನ್ಸ್ ಇಂಜಿನ್ನನ್ನು ಮ್ಯಾನ್ಯುವಲ್ ಗಾಡಿಯಲ್ಲಿ ಕಡಿಮೆ ಟಾರ್ಕಿಗೆ ಇಳಿಸಿಯೇ ಕೊಡುತ್ತಿದ್ದರು. ಪೂರ್ತಿ ಎಳೆತ ಬೇಕೆಂದರೆ ಆಟೋಮೆಟಿಕ್ ತೆಗೆಯಬೇಕಿತ್ತು. ಗಲ್ಫಿನಲ್ಲಿ ಆಕ್ಟ್ರೋಸ್ ಓಡಿಸಿ ಬಂದ ನಮ್ಮವರು ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ರಜೆಯಲ್ಲಿ ಬಂದಾಗ ಹೇಳುವ ಮಾತು ಅಂತ ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ಕಾಕ ಹೇಳಿದ್ದು ಸುಳ್ಳಾ? ಅಲ್ಲ. ಇಂಜಿನ್ನಿನ ಸ್ವರ ಕೇಳಿ, ಎದುರಿನ ತಿರುವು ನೋಡಿ, ಮುಂದೆ ಏರು ಬರುತ್ತದೆ ಅಂತ ಮೊದಲೇ ಗೇರ್ ಇಳಿಸುವವರು ಅವರು. ಯಂತ್ರಕ್ಕೆ ಇಂಜಿನ್ ಗೊತ್ತು, ಮುಂದಿನ ತಿರುವು ಗೊತ್ತಿಲ್ಲ. ಏರಿನಲ್ಲಿ ಸ್ವಲ್ಪ ಸಡಿಲ ಸಿಕ್ಕಿದ ಕೂಡಲೇ ಮೇಲಿನ ಗೇರಿಗೆ ಹೋಗಿ, ತಿರುವಿನಲ್ಲಿ ಮತ್ತೆ ಕೆಳಗೆ ಬಂದು, ಹೀಗೆ ಮೇಲೆ ಕೆಳಗೆ ಮಾಡುತ್ತಾ ಇರುವ ಗಾಡಿಯನ್ನು ನಾವೇ ನೋಡಿದ್ದೇವೆ. ಅದಕ್ಕೇ ಎಲ್ಲ ಎಎಂಟಿಯಲ್ಲೂ ಕೈಯಿಂದ ಗೇರ್ ಹಿಡಿದಿಡುವ ವ್ಯವಸ್ಥೆ ಕೊಟ್ಟಿರುತ್ತಾರೆ. ಘಾಟಿ ಶುರುವಾಗುವಲ್ಲಿ ಅದಕ್ಕೆ ಹಾಕಿ ಒಂದು ಗೇರ್ ಹಿಡಿದು ಹತ್ತಬೇಕು. ಇದನ್ನು ಯಾರೂ ಹೇಳಿ ಕೊಡುವುದಿಲ್ಲ. ಗಾಡಿ ಕೊಡುವ ದಿನ ಹಾರ ಹಾಕಿ, ಫೋಟೋ ತೆಗೆದು, ಅರ್ಧ ಗಂಟೆ ಡಿಸ್‌ಪ್ಲೇ ತೋರಿಸಿ ಕಳಿಸುತ್ತಾರೆ. ಕಾಕನ ಮೂವತ್ತು ವರ್ಷದ ಅನುಭವಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಪೆಡಲ್ ಹೋದರೂ ಯಾವ ಗೇರಿನಲ್ಲಿ ಯಾವ ತಿರುವು ಎಂಬ ಲೆಕ್ಕ ಹೋಗಲಿಲ್ಲ.

ಹತ್ತುವುದು ಹಣದ ಪ್ರಶ್ನೆ. ಇಳಿಯುವುದು ಜೀವದ ಪ್ರಶ್ನೆ. 40 ಟನ್ ತೂಕ 500 ಮೀಟರ್ ಎತ್ತರದಿಂದ ಇಳಿಯುವಾಗ ಹುಟ್ಟುವ ಶಕ್ತಿ, ಐದು ಲೀಟರಿಗಿಂತ ಹೆಚ್ಚು ಡೀಸೆಲನ್ನು ಪೂರ್ತಿ ಉರಿಸಿದರೆ ಬರುವ ಬಿಸಿಗೆ ಸಮ. ಸಕಲೇಶಪುರ ಇರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ, ನಾವಿರುವುದು ಸಮುದ್ರದ ಬದಿಯಲ್ಲಿ. ಅಷ್ಟು ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಇಂಜಿನ್ ಗೇರಿನಲ್ಲಿದ್ದರೆ, ಎಕ್ಸಾಸ್ಟ್ ಬ್ರೇಕ್ ಇದ್ದರೆ, ದೊಡ್ಡ ಪಾಲು ಅಲ್ಲಿ ಹೋಗುತ್ತದೆ. ಇಲ್ಲದಿದ್ದರೆ ಪೂರ್ತಿ ಬ್ರೇಕ್ ಡ್ರಮ್ಮಿಗೆ. ಡ್ರಮ್ ಕೆಂಪಾದ ಮೇಲೆ ಪೆಡಲ್ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಿರಿಯರು ಹೇಳುತ್ತಿದ್ದದ್ದು ಇದಕ್ಕೆ.

ಮ್ಯಾನ್ಯುವಲ್ ಗಾಡಿಯ ದೊಡ್ಡ ಭಯ ಇರುವುದೂ ಇಳಿಜಾರಿನಲ್ಲೇ. ಮೇಲಿನ ಗೇರಿನಲ್ಲಿ ಇಳಿಯಲು ಶುರು ಮಾಡಿ, ವೇಗ ಹೆಚ್ಚಾಯಿತು ಅಂತ ಅರ್ಧದಲ್ಲಿ ಗೇರ್ ಇಳಿಸಲು ಹೋದರೆ, ಗೇರ್ ಬಿಟ್ಟು ಬರುತ್ತದೆ, ಕೆಳಗಿನದಕ್ಕೆ ಕೂರುವುದಿಲ್ಲ. ಗಾಡಿ ನ್ಯೂಟ್ರಲ್. ಕ್ಷಣ ಕ್ಷಣಕ್ಕೆ ವೇಗ ಏರುತ್ತದೆ, ಯಾವ ಗೇರೂ ಹತ್ತಿರ ಬರಗೊಡುವುದಿಲ್ಲ. ಹೀಗೆ ಆಗಿ ಬದುಕಿದ ಒಬ್ಬರು ಇವತ್ತಿಗೂ ಮಾರನಹಳ್ಳಿ ಹೆಸರು ಹೇಳಿದರೆ ಕೈ ಒರೆಸಿಕೊಳ್ಳುತ್ತಾರೆ. ಎಎಂಟಿಯಲ್ಲಿ ಈ ತಪ್ಪು ಆಗುವ ಸಾಧ್ಯತೆ ತೀರಾ ಕಡಿಮೆ. ಇಂಜಿನ್ ಬ್ರೇಕ್ ಹಾಕಿದರೆ ತಾನೇ ಕೆಳಗಿನ ಗೇರ್ ಹಿಡಿಯುತ್ತದೆ, ಇಂಜಿನ್ನಿಗೆ ತಡೆಯದ ಗೇರಾದರೆ ನಿರಾಕರಿಸುತ್ತದೆಯೇ ಹೊರತು ಮಧ್ಯದಲ್ಲಿ ಬಿಟ್ಟು ಕೂರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಒಂದೇ ಕಾರಣ ಸಾಕು. ಉಮ್ಮ ಕೇಳಿದ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ ಇದು.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಾಳಿ ಇನ್ನೂ ಹೋಗಿಲ್ಲ. ಇದನ್ನು ಮನೆಯಲ್ಲಿ ಹೆಂಗಸರಾದರೂ ಕೇಳಿ ಬಿಡಿಸಬೇಕು. ಈಗಿನ ಇಂಜಿನ್ ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ, ಡೀಸೆಲ್ ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಇಂಜಿನ್ ಆರದಂತೆ ಡೀಸೆಲ್ ಕೊಡಲೇಬೇಕು. ಅಂದರೆ ಉಳಿಸಿದೆ ಎಂದುಕೊಂಡವನು ಖರ್ಚು ಮಾಡಿದ, ಮೇಲಿಂದ ಬ್ರೇಕನ್ನೂ ಕಾಯಿಸಿದ. 2013ರ ಏಪ್ರಿಲಿನಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದು ನಮ್ಮ ಕಣ್ಣ ಮುಂದೆಯೇ ಉಂಟು. ಅದಕ್ಕೂ ಗೇರಿಗೂ ಸಂಬಂಧ ಕಟ್ಟುತ್ತಿಲ್ಲ. ಭಾರದ ಗಾಡಿ ಕೈ ತಪ್ಪಿದರೆ ಗಾಡಿಯೊಳಗಿದ್ದವರಿಗೆ ಮಾತ್ರ ಅಪಾಯ ಅಲ್ಲ, ರಸ್ತೆ ಬದಿಯ ಮನೆಯಲ್ಲಿ ಮಲಗಿದವರಿಗೂ ಉಂಟು ಅಂತ ನೆನಪಿಸಿದ್ದು ಅಷ್ಟೆ.

ಇನ್ನು ಕಂತಿನ ವಿಷಯ. ಇಲ್ಲಿ ಹುಡುಗನ ಉತ್ಸಾಹಕ್ಕೆ ಸ್ವಲ್ಪ ನೀರು ಹಾಕಬೇಕಾಗುತ್ತದೆ. ಎಎಂಟಿ ಗಾಡಿಗೆ ಬೆಲೆ ಹೆಚ್ಚು. ಮ್ಯಾನ್ಯುವಲ್ ಗಾಡಿಯ ಕ್ಲಚ್ ಹೋದರೆ ಉಪ್ಪಿನಂಗಡಿಯಲ್ಲೋ ಬಿ.ಸಿ. ರೋಡಿನಲ್ಲೋ ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ಹಾಕಿ ಕೊಡುತ್ತಾರೆ. ಎಎಂಟಿಯಲ್ಲಿ ಒಂದು ಸೆನ್ಸರ್ ಹಾಳಾದರೂ ಗಾಡಿ ನಿಂತಲ್ಲೇ ನಿಲ್ಲಬಹುದು. ಕಂಪೆನಿಯ ಮನುಷ್ಯ ಸ್ಕ್ಯಾನರ್ ಹಿಡಿದು ಬರಬೇಕು. ಅವ ಬರುವವರೆಗೆ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಬ್ಯಾಟರಿ ಹೋದರೆ ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಇಲ್ಲ. ಗಾಳಿ ಸೋರಿದರೆ ಗೇರೇ ಬೀಳುವುದಿಲ್ಲ. ಕೆಟ್ಟು ನಿಂತ ಗಾಡಿಯನ್ನು ಎಳೆದುಕೊಂಡು ಹೋಗುವಾಗ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಲೇಬೇಕು. ಇಂಜಿನ್ ತಿರುಗದೆ ಗೇರ್‌ಬಾಕ್ಸಿನ ಎಣ್ಣೆ ಪಂಪ್ ತಿರುಗುವುದಿಲ್ಲ, ಒಣ ಗೇರುಗಳು ತಿರುಗಿ ಎಲ್ಲ ಸುಟ್ಟು ಹೋಗುತ್ತದೆ. ಕ್ರೇನಿನವರಿಗೆ ಅವಸರ ಇರುತ್ತದೆ, ಬಿಚ್ಚಿಸುವುದು ನಮ್ಮ ಜವಾಬ್ದಾರಿ.

ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಕ್ಲಚ್ ಸುಡುವುದಿಲ್ಲ ಅಂತಲೂ ಅಲ್ಲ. ಏರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಗಾಡಿಯನ್ನು ತಡೆದು ನಿಲ್ಲಿಸುವವರು ಉಂಟು. ಒಳಗೆ ಪ್ಲೇಟ್ ಜಾರುತ್ತಲೇ ಇರುತ್ತದೆ. ಡಿಸ್‌ಪ್ಲೇಯಲ್ಲಿ ಕ್ಲಚ್ ಬಿಸಿಯಾಗಿದೆ ಅಂತ ಬರುತ್ತದೆ, ಪೀಂ ಪೀಂ ಅಂತ ಹೊಡೆದುಕೊಳ್ಳುತ್ತದೆ, ಹಾಡಿನ ಶಬ್ದದಲ್ಲಿ ಕೇಳಿಸುವುದಿಲ್ಲ. ಹಾಗಾದರೆ ಲಾಭ ಎಲ್ಲಿ? ಒಬ್ಬ ಒಳ್ಳೆಯ ಡ್ರೈವರ್ ಮ್ಯಾನ್ಯುವಲ್ಲಿನಲ್ಲಿ ಕೊಡುವ ಮೈಲೇಜನ್ನು ಎಎಂಟಿ ಮೀರಿಸಲಿಕ್ಕಿಲ್ಲ. ಸಾಧಾರಣ ಡ್ರೈವರನನ್ನು ಅದು ಒಳ್ಳೆಯವನ ಹತ್ತಿರಕ್ಕೆ ತರುತ್ತದೆ. ಬೇರೆ ಬೇರೆ ಡ್ರೈವರ್ ಹಾಕಿ ಹತ್ತು ಗಾಡಿ ಓಡಿಸುವ ಮಾಲಕನಿಗೆ ಇದು ದೊಡ್ಡ ಉಳಿತಾಯ. ತಾನೇ ಮಾಲಕ, ತಾನೇ ಡ್ರೈವರ್, ಕೈಯೂ ಪಳಗಿದೆ ಅನ್ನುವವನಿಗೆ ಡೀಸೆಲಿನಲ್ಲಿ ಅಷ್ಟು ಕಾಣದು. ಅವನಿಗೆ ಉಳಿಯುವುದು ಮಂಡಿ, ಮತ್ತೆ ರಾತ್ರಿ ಎರಡು ಗಂಟೆಗೆ ಇರುವ ಎಚ್ಚರ.

ಮಂಡಿಯ ಮಾತು ಸಣ್ಣದಲ್ಲ. ಬಂದರಿನ ಗೇಟಿನಿಂದ ಶುರುವಾಗುವ ಕ್ಯೂ, ಕೂಳೂರು, ನಂತೂರು, ಪಂಪ್‌ವೆಲ್ ದಾಟುವಷ್ಟರಲ್ಲಿ ಕ್ಲಚ್ ಎಷ್ಟು ಸಲ ತುಳಿಯಬೇಕು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಐವತ್ತು ದಾಟಿದ ಎಷ್ಟೋ ಮಂದಿ ಲಾರಿ ಡ್ರೈವರುಗಳು ಪಳ್ಳಿಯಲ್ಲಿ ಕುರ್ಚಿ ಹಾಕಿ ನಮಾಝ್ ಮಾಡುವುದನ್ನು ನಾವು ದಿನಾ ನೋಡುತ್ತೇವೆ. ಎಲ್ಲದಕ್ಕೂ ಕ್ಲಚ್ಚೇ ಕಾರಣ ಅಂತ ಹೇಳಲು ನಾವು ಡಾಕ್ಟರಲ್ಲ. ಎಡಗಾಲು ಮಾತ್ರ ಯಾಕೆ ನೋಯುತ್ತದೆ ಅಂತ ಅವರನ್ನೇ ಕೇಳಿ.

ಒಂದು ವಿಷಯ ಬರೆಯದೆ ಬಿಟ್ಟರೆ ಈ ಲೇಖನ ಬರೆದೂ ಪ್ರಯೋಜನ ಇಲ್ಲ. ನಮ್ಮಲ್ಲಿ ಕೆಲವು ಮಾಲಕರು ಕ್ಲಚ್ ಪ್ಲೇಟ್ ಸುಟ್ಟರೆ ಅದರ ದುಡ್ಡನ್ನು ಡ್ರೈವರನ ಸಂಬಳದಲ್ಲಿ ಹಿಡಿಯುತ್ತಾರೆ. ಮಾಲಕರೂ ನಮ್ಮವರೇ, ಡ್ರೈವರೂ ನಮ್ಮವನೇ. ಪಾಸಿಗಿಂತ ಹೆಚ್ಚು ಲೋಡ್ ಹಾಕಿಸಿದ್ದು ಯಾರು? ಸವೆದ ಪ್ಲೇಟನ್ನು "ಇನ್ನೊಂದು ಟ್ರಿಪ್ ಹೋಗ್ಲಿ" ಅಂತ ಕಳಿಸಿದ್ದು ಯಾರು? ಹೊಸತಾಗಿ ಕಲಿತ ಹುಡುಗನನ್ನು ಮಳೆಗಾಲದಲ್ಲಿ ಒಬ್ಬನೇ ಘಾಟಿಗೆ ಹತ್ತಿಸಿದ್ದು ಯಾರು? ಕುಡಿದು ಓಡಿಸಿ ಹಾಳು ಮಾಡಿದರೆ ಬೇರೆ ಮಾತು. ಸವೆಯಲಿಕ್ಕೆಂದೇ ಮಾಡಿದ ವಸ್ತು ಸವೆದದ್ದಕ್ಕೆ ತಿಂಗಳ ಅಕ್ಕಿಯ ದುಡ್ಡು ಹಿಡಿಯುವುದು ನ್ಯಾಯ ಅಲ್ಲ. ಎಎಂಟಿ ಬಂದರೆ ಈ ಜಗಳವೂ ಒಂದು ಹಂತಕ್ಕೆ ಮುಗಿಯುತ್ತದೆ. ಯಾವ ಏರಿನಲ್ಲಿ, ಎಷ್ಟು ಹೊತ್ತಿಗೆ ಕ್ಲಚ್ ಕಾದಿತು ಅಂತ ಗಾಡಿಯ ಕಂಪ್ಯೂಟರಿನಲ್ಲಿ ದಾಖಲೆ ಉಳಿಯುವ ಗಾಡಿಗಳು ಬಂದಿವೆ. ತಪ್ಪು ಡ್ರೈವರನದ್ದಾದರೆ ಅವನೂ ಒಪ್ಪಬೇಕಾಗುತ್ತದೆ.

ಎಲ್ಲರೂ ಎಎಂಟಿ ತೆಗೆಯಿರಿ ಅಂತ ನಾವು ಹೇಳುತ್ತಿಲ್ಲ. ದಕ್ಕೆಯಿಂದ ಪೇಟೆಗೆ ಮೀನು ಸಾಗಿಸುವ ಪಿಕಪ್ಪಿಗೆ, ಊರೊಳಗೆ ಕಲ್ಲು ಹೊಯಿಗೆ ಸಾಗಿಸುವ ಟಿಪ್ಪರಿಗೆ ಮ್ಯಾನ್ಯುವಲ್ಲೇ ಸಾಕು, ರಿಪೇರಿಯೂ ಸುಲಭ. ಹಳೆ ಟ್ರೈಲರ್ ತೆಗೆಯುವವರು ಹಳೆಯ ಎಎಂಟಿಯ ಹತ್ತಿರವೂ ಹೋಗಬೇಡಿ, ಅದರ ಹಿಂದಿನ ಕಥೆ ನಿಮಗೆ ಗೊತ್ತಿರುವುದಿಲ್ಲ. ಹೊಸ ಗಾಡಿ, ವಾರಕ್ಕೆ ಎರಡು ಮೂರು ಸಲ ಘಾಟಿ, ಪೂರ್ತಿ ಲೋಡು, ದಾರಿಯಲ್ಲಿ ಸರ್ವಿಸ್ ಸೆಂಟರ್ ಉಂಟು ಅಂತಾದರೆ ಮಾತ್ರ ಹೆಚ್ಚಿನ ಬೆಲೆ ಕೊಡಬಹುದು.

ಹುಡುಗರು ಕಲಿಯುವುದು ಮ್ಯಾನ್ಯುವಲ್ಲಿನಲ್ಲೇ ಆಗಲಿ. ನಮ್ಮ ದೇಶದಲ್ಲಿ ಬೈಕಿಗೆ ಗೇರ್ ಇದ್ದದ್ದು, ಇಲ್ಲದ್ದು ಅಂತ ಬೇರೆ ಲೈಸೆನ್ಸ್ ಉಂಟು, ಲಾರಿಗೆ ಆ ಭೇದ ಇಲ್ಲ. ಅಮೆರಿಕದಲ್ಲಿ ಆಟೋಮೆಟಿಕ್ ಲಾರಿಯಲ್ಲಿ ಟೆಸ್ಟ್ ಕೊಟ್ಟವನ ಲೈಸೆನ್ಸಿನಲ್ಲಿ ಮ್ಯಾನ್ಯುವಲ್ ಓಡಿಸಬಾರದು ಅಂತ ಬರೆದುಬಿಡುತ್ತಾರೆ. ದುಬೈಯಲ್ಲಿ ಕಾರಿಗೂ ಹಾಗೆಯೇ. ಹೊರದೇಶದ ಆಸೆ ಇರುವವರು ಇದನ್ನು ಮರೆಯಬಾರದು. ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದು ಹಾಕಿದ್ದಾರೆ. ಹಾಗಂತ ಶಾಲೆ ಬಿಡಿಸಿ ಸ್ಟೇರಿಂಗ್ ಹಿಡಿಸಬೇಡಿ. ಇಪ್ಪತ್ತು ವರ್ಷ ಆಗದೆ ಆ ಲೈಸೆನ್ಸ್ ಹೇಗೂ ಸಿಗುವುದಿಲ್ಲ. ಈಗಿನ ಗಾಡಿಯ ಡಿಸ್‌ಪ್ಲೇಯಲ್ಲಿ ಬರುವ ಎಚ್ಚರಿಕೆ ಓದಲಿಕ್ಕೂ ಅಕ್ಷರ ಬೇಕು.

ಆ ಮನೆಯಲ್ಲಿ ಮಾತು ಇನ್ನೂ ಮುಗಿದಿಲ್ಲ. ಖಾಲಿ ಗಾಡಿಯಲ್ಲಿ ಹೈವೇಯಲ್ಲಿ ಒಂದು ಸುತ್ತು ಕೊಡುವುದು ಟ್ರಯಲ್ ಅಲ್ಲ, ಪೂರ್ತಿ ಲೋಡ್ ಹಾಕಿದ ಗಾಡಿಯಲ್ಲಿ ಗುಂಡ್ಯದಿಂದ ಮೇಲೆ ಕರೆದುಕೊಂಡು ಹೋಗುತ್ತೀರಾ ಅಂತ ಶೋರೂಮಿನವರನ್ನು ಕೇಳಲು ಹೇಳಿದ್ದೇವೆ. ಕೇಳಿದ್ದಾರೆ, ಬರುವ ಸೋಮವಾರ ಆಗಬಹುದು ಎಂದಿದ್ದಾರಂತೆ. ಕಾಕನೂ ಹೋಗಲಿಕ್ಕುಂಟು. ಹತ್ತುವಾಗ ಹುಡುಗ ಓಡಿಸಲಿ, ಇಳಿಯುವಾಗ ಸ್ಟೇರಿಂಗ್ ತನಗೆ ಕೊಡಬೇಕು ಅಂತ ಅವರ ಷರತ್ತು.